ಪುಡಿಯೋ ಕೋರೋ: ಚಿನ್ನದ ನೆಲದಲ್ಲಿ ಎರಡು ಬಗೆಯ ಡ್ರಿಲ್ಲಿಂಗ್

ಎರೆ ಹೊಲದಲ್ಲಿ ಆರ್‌ಸಿ (ರಿವರ್ಸ್ ಸರ್ಕ್ಯುಲೇಶನ್) ರಿಗ್, ಅಂದರೆ ಬಂಡೆಯನ್ನು ಪುಡಿ ಮಾಡಿ ಮೇಲೆ ತರುವ ಡ್ರಿಲ್ಲಿಂಗ್ ಯಂತ್ರ, ನಿಂತರೆ ಸುತ್ತ ಸೇರಿದವರು ಕೇಳುವುದು ಒಂದೇ ಮಾತು: “ನೀರು ಬಿತ್ತೇನ್ರಿ ಸಾಹೇಬ್ರ?” ನೋಡಲು ಬೋರ್‌ವೆಲ್ ಲಾರಿಯೇ, ಸದ್ದೂ ಹಾಗೇ. ಆದರೆ ಬೋರ್‌ವೆಲ್‌ನಲ್ಲಿ ಪುಡಿ ರಾಡಿನ ಹೊರಗೆ, ತೂತಿನ ಗೋಡೆ ಸವರಿಕೊಂಡು ಮೇಲೆ ಬರುತ್ತದೆ. ದಾರಿಯಲ್ಲಿ ಬೇರೆ ಮಣ್ಣೂ ಬೆರೆಯುತ್ತದೆ. ಆರ್‌ಸಿ ರಾಡಿಗೆ ಎರಡು ಕೊಳವೆ. ಗಾಳಿ ಅವುಗಳ ನಡುವಿನ ಸಂದಿಯಲ್ಲಿ ಇಳಿದು, ಪುಡಿಯನ್ನು ಒಳಗೊಳವೆಯಲ್ಲಿ ಹೊತ್ತು ತರುತ್ತದೆ. ಗಾಳಿಯಿಂದ ಪುಡಿಯನ್ನು ಬೇರ್ಪಡಿಸುವ ಸೈಕ್ಲೋನ್ ಕೆಳಗೆ ಮೀಟರಿಗೊಂದು ಚೀಲ ಹಿಡಿಯುತ್ತೇವೆ.

ರಾಯಚೂರು ಜಿಲ್ಲೆಯ ಹಟ್ಟಿ–ಮಸ್ಕಿ ಚಿನ್ನದ ಪಟ್ಟಿಯಲ್ಲಿ ಇದನ್ನೂ, ವಜ್ರದ ಬಿಟ್‌ನಿಂದ ಕೊರೆದು ಬಂಡೆಯನ್ನು ಕೋಲಿನಂತೆ ಇಡಿಯಾಗಿ (ಅದೇ ಕೋರ್) ತೆಗೆಯುವ ಡೈಮಂಡ್ ಕೋರ್ ಡ್ರಿಲ್ಲಿಂಗನ್ನೂ ನಡೆಸಿ ನೋಡಿದ್ದೇನೆ. ವೇಗದಲ್ಲಿ ಆರ್‌ಸಿಗೆ ಸಾಟಿಯಿಲ್ಲ. ಒಂದು ಪಾಳಿಗೆ 100 ಮೀಟರ್ ದಾಟಿದ್ದುಂಟು. ಕೋರ್‌ನಲ್ಲಿ 25 ಬಂದರೆ ಒಳ್ಳೆಯ ದಿನ. ಆರ್‌ಸಿಯ ಮೀಟರ್ ದರವೂ ಕಡಿಮೆ. ಬೇಸಿಗೆಯಲ್ಲಿ ಕೋರ್ ರಿಗ್ಗಿಗೆ ನೀರಿನ ಟ್ಯಾಂಕರ್ ಹೊಂದಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ, ಆರ್‌ಸಿಗೆ ಆ ಚಿಂತೆಯಿಲ್ಲ.

ತೊಂದರೆ ನೆಲದೊಳಗೆ ನೀರು ಸಿಕ್ಕ ಮೇಲೆ. ಒಂದು ತೂತಿನಲ್ಲಿ ನೀರಿನ ಕೆಳಗೆ ಒಳ್ಳೆಯ ಬೆಣಚು ಬಂತು. ಅಲ್ಲಿಂದ ಸಾಲಾಗಿ ಆರು ಚೀಲಗಳಲ್ಲಿ ಚಿನ್ನ. ನಂಬಿ, ನಕ್ಷೆಯಲ್ಲಿ ದಪ್ಪ ಅದಿರು ಬರೆದೆ. ಪಕ್ಕದಲ್ಲೇ ಕೋರ್ ತೆಗೆಸಿದಾಗ ಇದ್ದದ್ದು ಒಂದೂವರೆ ಮೊಳದ ಎಳೆ! ಒದ್ದೆ ಪುಡಿ ಸೈಕ್ಲೋನ್‌ಗೆ ಮೆತ್ತಿಕೊಂಡು ಮುಂದಿನ ಚೀಲಗಳಿಗೂ ಚಿನ್ನ ಹಂಚಿತ್ತು.

ಆ ಕೋರ್ ಇನ್ನೂ ಕಣ್ಣಲ್ಲಿದೆ. ಎನ್‌ಕ್ಯೂ ಅಳತೆ, ಅಂದರೆ 47.6 ಮಿ.ಮೀ. ವ್ಯಾಸ. ಕಪ್ಪು ಆಂಫಿಬೊಲೈಟ್ ಬಂಡೆಯ ನಡುವೆ ಹಾಲುಬಿಳಿ ಬೆಣಚು, ಅಂಚಿನಲ್ಲಿ ಕಂದು ಬಯೋಟೈಟ್ ಅಭ್ರಕ, ಅದರೊಳಗೆ ಬೆಳ್ಳಿಯಂಥ ಆರ್ಸೆನೊಪೈರೈಟ್ (ಆರ್ಸೆನಿಕ್ ಇರುವ ಖನಿಜ) ಸೂಜಿಗಳು. ಮುರಿದ ಚೂರಿಗೆ ಸುತ್ತಿಗೆಯಿಂದ ಏಟು ಕೊಟ್ಟರೆ ಬೆಳ್ಳುಳ್ಳಿ ವಾಸನೆ. ಎಳೆ ಯಾವ ಕೋನದಲ್ಲಿ ಕೋರನ್ನು ದಾಟಿದೆ ಎಂದು ಅಳೆದೇ ಅದರ ನಿಜವಾದ ದಪ್ಪ ಗೊತ್ತಾಗುವುದು. ಪುಡಿಯಲ್ಲಿ ಕೋನ ಎಲ್ಲಿಂದ ತರುವುದು? ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ ಕಳಿಸಿದರೂ ಉಳಿದರ್ಧ ಬಾಕ್ಸಿನಲ್ಲಿರುತ್ತದೆ, ಅನುಮಾನ ಬಂದಾಗ ಮತ್ತೆ ತೆಗೆದು ನೋಡಬಹುದು.

ಹಾಗೆಂದು ಕೋರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನುಜ್ಜುಗುಜ್ಜಾದ ಬಂಡೆಯಲ್ಲಿ 3 ಮೀಟರ್ ಕೊರೆದರೆ 2 ಮೀಟರ್ ಮಾತ್ರ ಕೈಗೆ ಬರುವುದುಂಟು, ತೊಳೆದುಹೋದದ್ದೇ ಚಿನ್ನದ ಭಾಗವಾಗಿರಬಹುದು. ಅಂಥಲ್ಲಿ ಗಿಡ್ಡ ರನ್ ಹಾಕುವ (ಒಂದು ಸಲಕ್ಕೆ ಸ್ವಲ್ಪವೇ ಕೊರೆಯುವ), ನೀರಿನ ಒತ್ತಡ ಇಳಿಸುವ ತಾಳ್ಮೆಯ ಡ್ರಿಲ್ಲರ್ ಬೇಕು.

ಈಗ ನಾನು ಆರ್‌ಸಿಯನ್ನು ಒಣ ನೆಲದಷ್ಟಕ್ಕೇ ಇಟ್ಟಿದ್ದೇನೆ. ಚೀಲ ಒದ್ದೆಯಾಗತೊಡಗಿತೋ, ಬಂಡೆ ಪುಡಿ ಮಾಡುವ ಹ್ಯಾಮರ್ ಎತ್ತಿಸಿ, ತೂತಿನ ಗೋಡೆ ಕುಸಿಯದಂತೆ ಕೇಸಿಂಗ್ ಪೈಪು ಇಳಿಸಿ, ಅದೇ ತೂತಿನಲ್ಲಿ ಮುಂದಕ್ಕೆ ಕೋರ್ ತೆಗೆಸುತ್ತೇನೆ.