ಬೇಸಿಗೆ ರಜೆಯ ಸಂಶೋಧನಾ ಪ್ರಬಂಧದ ಕ್ಲಾಸು: ಮಕ್ಕಳನ್ನು ಕಳಿಸಬಹುದಾ?

ಚಿಕ್ಕಮಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂಶೋಧನಾ ಪ್ರಬಂಧ ಬರೆಯೋದು ಹೇಳಿಕೊಡುವ ಒಂದು ಬೇಸಿಗೆ ಕ್ಲಾಸಿಗೆ ಮಗಳನ್ನು ಕಳಿಸಿದ್ದೆ. ಒಂಬತ್ತನೇ ಕ್ಲಾಸು ಅವಳು. ಸಂಸ್ಥೆಯ ಹೆಸರು ಬೇಡ, ಬಿಡಿ.

ಮೊದಲ ದಿನ 'ಕಾಫಿ' ಅಂತ ಬರೆದುಕೊಟ್ಟಳು. ಮೇಡಂ ನಕ್ಕು, ಇದು ವಿಷಯ ಆಯ್ತು, ಪ್ರಶ್ನೆ ಎಲ್ಲಿ ಅಂದರಂತೆ. ಮೂರು ದಿನ ಅದೇ ಗುದ್ದಾಟ. ಕೊನೆಗೆ 'ನಮ್ಮ ಬೀದಿಯ 20 ಮನೆಗಳಲ್ಲಿ ಕಾಫಿ ಪುಡಿಗೆ ಚಿಕೋರಿ ಎಷ್ಟು ಬೆರೆಸುತ್ತಾರೆ, ಯಾಕೆ?' ಅನ್ನುವಲ್ಲಿಗೆ ಬಂದು ನಿಂತಿತು. ಮನೆಮನೆಗೆ ಹೋಗಿ ಕೇಳಿದಳು, ಹೋದಲ್ಲೆಲ್ಲ ಕಾಫಿನೂ ಕುಡಿದಳು, ರಾತ್ರಿ ನಿದ್ದೆ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬಾಬಾ ಬುಡನ್ ಪ್ಯಾರಾ. ಆ ಸೂಫಿ ಸಂತರು ಯೆಮನ್‌ನಿಂದ 7 ಕಾಫಿ ಬೀಜ ತಂದರು ಅಂತ ಇವಳು ಸಲೀಸಾಗಿ ಬರೆದಿದ್ದಳು. ಮೇಡಂ ಇದು ಜನ ಹೇಳುವ ಕಥೆಯೋ, ದಾಖಲೆಯೋ ಅಂತ ಕೇಳಿ 'ಎಂಬ ಪ್ರತೀತಿಯಿದೆ' ಅಂತ ತಿದ್ದಿಸಿದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯಿತು ಅನ್ನೋದಕ್ಕೂ ಎಲ್ಲಿ ಓದಿದ್ದು ಅಂತ ಬರೆಸಿದರು. ವಿಕಿಪೀಡಿಯ ಓದಬಹುದು, ಆದರೆ ಪುಟದ ಕೆಳಗಿರುವ ಮೂಲಗಳನ್ನೂ ತೆರೆದು ನೋಡಬೇಕಂತೆ. ಸರಿಯಾದ ಮಾತು ಅಲ್ವಾ?

ಬೇಸರ ಆಗಿದ್ದು ಬೇರೆ. ಒಂದೇ ಕೋಣೆಯಲ್ಲಿ 40 ಮಕ್ಕಳು. ಆಕರಗಳ ಪಟ್ಟಿ ಮಾಡುವ ಪಾಠವನ್ನು ಕೊನೆ ದಿನ ಅರ್ಧ ಗಂಟೆಯಲ್ಲಿ ಮುಗಿಸಿ, ಸುಮ್ನೆ ಒಂದು ಇಂಗ್ಲಿಷ್ ಜೆರಾಕ್ಸ್ ಕೈಗಿಟ್ಟರು. ಕನ್ನಡ ಮೀಡಿಯಂ ಮಕ್ಕಳು ಏನು ಮಾಡಬೇಕು ಅಂದರೆ ಆಫೀಸಿನವರದು ಹಾರಿಕೆ ಉತ್ತರ.

ಮುಂದಿನ ರಜೆಗೆ ಕಳಿಸುತ್ತೇನಾ? ಅದೇ ಮೇಡಂ ಇದ್ದರೆ ಮಾತ್ರ.