ಸ್ಕ್ರ್ಯಾಚ್ ಜೂನಿಯರ್: ಓದು ಬಾರದ ಹುಡುಗಿಗೂ ಒದಗುವ ಆ್ಯಪ್

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ ಹಾಗೂ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಸೇರಿ ರೂಪಿಸಿ 2014ರಲ್ಲಿ ಹೊರತಂದ ಈ ಉಚಿತ ಆ್ಯಪ್ 5ರಿಂದ 7 ವರ್ಷದ ಮಕ್ಕಳಿಗೆ ಪ್ರೋಗ್ರಾಮಿಂಗ್ (ಕಂಪ್ಯೂಟರಿಗೆ ಆಜ್ಞೆಗಳನ್ನು ಜೋಡಿಸಿ ಕೊಡುವುದು) ಪರಿಚಯಿಸುತ್ತದೆ. ಬ್ಲಾಕ್‌ಗಳ (ಒಂದೊಂದು ಆಜ್ಞೆಯ ತುಣುಕುಗಳ) ಮೇಲೆ ಪದಗಳ ಬದಲು ಚಿತ್ರಗಳಿರುವುದರಿಂದ, ಅವುಗಳನ್ನು ಎಡದಿಂದ ಬಲಕ್ಕೆ ಜೋಡಿಸಿ ಪರದೆಯ ಮೇಲಿನ ಬೆಕ್ಕನ್ನು ನಡೆಸಲು, ಜಿಗಿಸಲು ಕನ್ನಡ ಮಾಧ್ಯಮದ ಒಂದನೇ ತರಗತಿಯ ಹುಡುಗಿಗೂ ಇಂಗ್ಲಿಷ್ ಅಡ್ಡಬರುವುದಿಲ್ಲ. ಪಾತ್ರಗಳನ್ನು ತಾನೇ ಬಿಡಿಸಿ, ತನ್ನದೇ ಧ್ವನಿ ಮುದ್ರಿಸಿ ಕಥೆ ಕಟ್ಟುವ ಅವಕಾಶವೇ ಇದರ ದೊಡ್ಡ ಗುಣವೆಂದು ನನಗೆ ತೋರುತ್ತದೆ. ರಿಮೋಟ್ ಕಾರು, ರೋಬಾಟುಗಳನ್ನು ಗಂಡುಮಕ್ಕಳ ಪಾಲಿಗೇ ಬಿಡುವ ಮನೆಗಳಲ್ಲಿಯೂ ಕಥೆ ಹೇಳುವ ಮಗಳನ್ನು ಯಾರೂ ತಡೆಯುವುದಿಲ್ಲ. (ಗುಲಾಬಿ ಬಣ್ಣ ಬಳಿದು ದುಬಾರಿ ಬೆಲೆಗೆ ಮಾರುವ ‘ಹುಡುಗಿಯರ’ ವಿಜ್ಞಾನ ಕಿಟ್‌ಗಳಿಗಿಂತ ಇದು ಎಷ್ಟೋ ಮೇಲು.) ಆದರೆ ಇದು ಫೋನಿನ ಸಣ್ಣ ಪರದೆಗೆ ಒಗ್ಗುವುದಿಲ್ಲ, ಟ್ಯಾಬ್ಲೆಟ್ ಬೇಕು, ಶಾಲೆಯೇ ಒದಗಿಸಿದರೆ ಇಬ್ಬಿಬ್ಬರು ಹುಡುಗಿಯರನ್ನು ಜೊತೆಗೂಡಿಸಿ ಕೂರಿಸುವುದು ಒಳ್ಳೆಯದು.