100 ಆಕ್ಟೇನ್‌ನ ಮ್ಯಾಪ್, ಬಂಕ್‌ನ ಇ20 ಪೆಟ್ರೋಲ್: ಒಂದು ಎವೋ ಎಂಜಿನ್ ಹೋದ ಬಗೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮದ್ದೂರು ದಾಟಿ ಮಂಡ್ಯ ಬೈಪಾಸ್ ಹತ್ತಿರ ಬರುವಾಗ ಒಂದು ಮಿಟ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಟೆನ್ (ಎವೋ ಅಂತ ಕರೆಯುವ ಟರ್ಬೊ ಕಾರು) ಕೆಟ್ಟು ನಿಂತಿತು. ಸೈಲೆನ್ಸರ್‌ನಿಂದ ನೀಲಿ ಹೊಗೆ, ಐಡ್ಲಿಂಗ್‌ನಲ್ಲಿ ಒಂದು ಸಿಲಿಂಡರ್ ಸತ್ತಂತೆ ನಡುಕ. ಬಾನೆಟ್ ಎತ್ತಿದರೆ ಡಿಪ್‌ಸ್ಟಿಕ್ ಅರ್ಧ ಹೊರಗೆ ಬಂದಿತ್ತು, ಸುತ್ತಲೂ ಆಯಿಲ್ ಎರಚಿತ್ತು. ಮೈಸೂರಿನ ಗಾಡಿ, ಮಾಡಿಫಿಕೇಶನ್ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಕೆಲಸ ಮಾಡಿದ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಅದೇ ಕೆಲಸವನ್ನು ಅದೇ ರೀತಿ ಮಾಡಿಕೊಡುವವರು ಬೇರೆಯವರೂ ಇದ್ದಾರೆ, ಹಾಗಾಗಿ ಆ ರೀತಿ ಯಾವುದು ಅಂತ ಗೊತ್ತಿದ್ದರೆ ಸಾಕು.

ಎಂಜಿನ್ ಬಿಚ್ಚಿದಾಗ ಎರಡನೇ ಸಿಲಿಂಡರಿನ ಪಿಸ್ಟನ್‌ನಲ್ಲಿ ಮೇಲಿನ ಎರಡು ರಿಂಗ್‌ಗಳ ನಡುವಿನ ಪಟ್ಟಿ, ಅಂದರೆ ರಿಂಗ್ ಲ್ಯಾಂಡ್, ತುಂಡಾಗಿತ್ತು. ಆ ಸಿಲಿಂಡರಿನ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಅಲ್ಯೂಮಿನಿಯಂ ಚುಕ್ಕೆ. ಗ್ಯಾರೇಜಿನ ಉತ್ತರ: "ಸಾರ್, ನೀವು ಆಯಿಲ್ ಸರಿಯಾಗಿ ನೋಡ್ಕೊಂಡಿಲ್ಲ." ಆಯಿಲ್ ಕೊರತೆಯಾಗಿದ್ದರೆ ಮೊದಲು ಪೆಟ್ಟು ಬೀಳುವುದು ಕನೆಕ್ಟಿಂಗ್ ರಾಡ್ ಬೇರಿಂಗ್‌ಗೆ, ಮೇಲಿನ ಪದರ ಸವೆದು ತಾಮ್ರದ ಬಣ್ಣ ಕಾಣುತ್ತೆ. ಇಲ್ಲಿ ಬೇರಿಂಗ್‌ಗಳು ಚೊಕ್ಕವಾಗಿದ್ದವು. ಪ್ಲಗ್ ಮೇಲೆ ಅಲ್ಯೂಮಿನಿಯಂ ಚುಕ್ಕೆ, ಮುರಿದ ರಿಂಗ್ ಲ್ಯಾಂಡ್, ಈ ಎರಡೂ ಒಟ್ಟಿಗೆ ಸಿಕ್ಕರೆ ಅದು ನಾಕಿಂಗ್‌ನ ಕೆಲಸ. ಪಿಸ್ಟನ್ ಮೇಲಿನ ಮಿಶ್ರಣ ಕಿಡಿಯಿಂದ ಹದವಾಗಿ ಉರಿಯುವ ಬದಲು ಮೂಲೆಯಲ್ಲಿ ತಾನಾಗಿ ಸಿಡಿದಿದೆ, ಒಂದಲ್ಲ, ನೂರಾರು ಸಲ. ರಿಂಗ್ ಲ್ಯಾಂಡ್ ಒಡೆದ ಮೇಲೆ ಸಿಲಿಂಡರಿನ ಒತ್ತಡ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತೆ. ಡಿಪ್‌ಸ್ಟಿಕ್ ಎದ್ದು ಬಂದದ್ದು ಅದರಿಂದ.

ಗಾಡಿಗೆ ಮಾಡಿದ್ದು ಇಷ್ಟು: ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಟರ್ಬೊದಿಂದ ಹೊಗೆ ಒಯ್ಯುವ 3 ಇಂಚಿನ ಡೌನ್‌ಪೈಪ್, ದಪ್ಪ ಪೈಪಿನ ಜೊತೆ ಕೋನ್ ಫಿಲ್ಟರ್, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಹೊಂದಿಸಲು ಕೈಯಲ್ಲಿ ತಿರುಗಿಸುವ ಕಂಟ್ರೋಲರ್, ಕೊನೆಗೆ ಲ್ಯಾಪ್‌ಟಾಪ್‌ನಿಂದ ಇಸಿಯುಗೆ, ಅಂದರೆ ಎಂಜಿನಿನ ಕಂಪ್ಯೂಟರಿಗೆ, ಒಂದು ಮ್ಯಾಪ್ (ಎಷ್ಟು ಪೆಟ್ರೋಲ್ ಸುರಿಯಬೇಕು, ಕಿಡಿ ಯಾವಾಗ ಹಾರಿಸಬೇಕು ಅನ್ನುವ ಟೇಬಲ್). ಪೆಟ್ರೋಲ್ ಪಂಪ್, ಇಂಜೆಕ್ಟರ್ ಕಂಪನಿಯವೇ. ಮ್ಯಾಪ್ ಮಾಡುವಾಗ ಟ್ಯಾಂಕಿನಲ್ಲಿದ್ದದ್ದು ಎಥನಾಲ್ ಬೆರೆಸದ 100 ಆಕ್ಟೇನ್ ಪೆಟ್ರೋಲ್ (ಆಕ್ಟೇನ್ ಜಾಸ್ತಿಯಾದಷ್ಟೂ ನಾಕಿಂಗ್ ತಡೆಯುವ ಶಕ್ತಿ ಜಾಸ್ತಿ). ಆಮೇಲೆ ದಿನಾ ತುಂಬಿಸಿದ್ದು ಮಾಮೂಲಿ ಬಂಕ್‌ನ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಈ ಬದಲಾವಣೆಯನ್ನು ಮಾಲೀಕರಿಗೆ ಯಾರೂ ಹೇಳಲಿಲ್ಲ, ಮಾಲೀಕರೂ ಕೇಳಲಿಲ್ಲ.

ಲೆಕ್ಕ ನೋಡಿ. ಎಥನಾಲ್ ಇಲ್ಲದ ಪೆಟ್ರೋಲ್ 1 ಕೆ.ಜಿ. ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಸುಮಾರು ಶೇ. 9ರಷ್ಟು ಜಾಸ್ತಿ ಸುರಿಯಬೇಕು. ಸಾಧಾರಣ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅದನ್ನು ಸರಿಮಾಡುತ್ತೆ, ನಿಮಗೆ ಏನೂ ಗೊತ್ತಾಗಲ್ಲ. ಪೂರ್ತಿ ಬೂಸ್ಟ್‌ನಲ್ಲಿ ಇಸಿಯು ಆ ಸೆನ್ಸರಿನ ಮಾತು ಕೇಳುವುದನ್ನು ಬಿಟ್ಟು ಟೇಬಲ್‌ನಲ್ಲಿ ಬರೆದಷ್ಟನ್ನೇ ಸುರಿಯುತ್ತೆ. ಮ್ಯಾಪ್‌ನಲ್ಲಿ ಲ್ಯಾಂಬ್ಡಾ (ಪೂರ್ತಿ ಉರಿಯಲು ಬೇಕಾದ ಗಾಳಿಯಲ್ಲಿ ಎಷ್ಟು ಪಾಲು ಸಿಕ್ಕಿದೆ ಅನ್ನುವ ಲೆಕ್ಕ, 1ಕ್ಕಿಂತ ಕಮ್ಮಿಯಾದಷ್ಟೂ ಪೆಟ್ರೋಲ್ ಜಾಸ್ತಿ) 0.78 ಇಟ್ಟಿದ್ದರೆ ಇ20 ಹಾಕಿದಾಗ ಅದು ಸುಮಾರು 0.85ಕ್ಕೆ ಏರುತ್ತೆ. ಮೇಲಿಂದ, 100 ಆಕ್ಟೇನ್ ನಂಬಿ ಮುಂದಕ್ಕೆ ತಳ್ಳಿದ ಇಗ್ನಿಷನ್ ಟೈಮಿಂಗ್ ಹಾಗೇ ಕೂತಿರುತ್ತೆ. ಇ20ಯ ಮಾನದಂಡ 95 ಆಕ್ಟೇನ್. ಕಬ್ಬಿನ ನಾಡಿನಲ್ಲಿ ಕೂತು ಎಥನಾಲನ್ನು ಬೈಯಬೇಕಿಲ್ಲ, ನಾಕಿಂಗ್ ತಡೆಯುವುದರಲ್ಲಿ ಅದು ಪೆಟ್ರೋಲಿಗಿಂತ ಗಟ್ಟಿ. ಇ20ಗೇ ಅಂತ ಮ್ಯಾಪ್ ಮಾಡಿದ್ದರೆ ಇದೇ ಎಂಜಿನ್ ಇದೇ ರಸ್ತೆಯಲ್ಲಿ ಆರಾಮಾಗಿ ಓಡುತ್ತಿತ್ತು.

ಗೇಜ್ ಹಾಕಿಸಿದವರು ಮೋಸ ಹೋಗುವುದೂ ಇಲ್ಲೇ. ವೈಡ್‌ಬ್ಯಾಂಡ್ ಗೇಜ್ ಅಳೆಯುವುದು ಲ್ಯಾಂಬ್ಡಾ, ಅದನ್ನು 14.7ರಿಂದ ಗುಣಿಸಿ ಗಾಳಿ–ಪೆಟ್ರೋಲ್ ಅನುಪಾತ ಅಂತ ತೋರಿಸುತ್ತೆ. ಟ್ಯಾಂಕಿನಲ್ಲಿ ಏನೇ ಇದ್ದರೂ 0.78 ಇದ್ದಾಗ ಅದು 11.5 ಅಂತಲೇ ಹೇಳುತ್ತೆ. ಗೇಜನ್ನು ಲ್ಯಾಂಬ್ಡಾಗೆ ಬದಲಿಸಿಕೊಂಡು, ಪೂರ್ತಿ ಬೂಸ್ಟ್‌ನಲ್ಲಿ 0.76ರಿಂದ 0.80ರ ಒಳಗೆ ಇದೆಯಾ ಅಂತ ನೋಡಿ.

ಇನ್ನು ಆ ಕೋನ್ ಫಿಲ್ಟರ್. ಎವೋ ಟೆನ್ ಒಳಬರುವ ಗಾಳಿಯನ್ನು ಏರ್‌ಫ್ಲೋ ಸೆನ್ಸರಿನ ಬಿಸಿ ತಂತಿಯಿಂದ ಅಳೆಯುತ್ತೆ. ಆ ಸೆನ್ಸರ್ ಕೂರುವ ಪೈಪಿನ ವ್ಯಾಸ ದೊಡ್ಡದಾದರೆ ತಂತಿಯ ಹತ್ತಿರ ಗಾಳಿಯ ವೇಗ ಕಮ್ಮಿ, ಹಾಗಾಗಿ ಗಾಳಿ ಕಮ್ಮಿ ಬಂದಿದೆ ಅಂತ ಇಸಿಯು ತಿಳಿಯುತ್ತೆ, ಪೆಟ್ರೋಲೂ ಕಮ್ಮಿ ಸುರಿಯುತ್ತೆ. ಮ್ಯಾಪ್‌ನಲ್ಲಿ ಸೆನ್ಸರಿನ ಸ್ಕೇಲಿಂಗ್ ತಿದ್ದದೆ ಪೈಪ್ ಬದಲಿಸಬಾರದು. ಎಣ್ಣೆ ಹಚ್ಚಿದ ಹತ್ತಿ ಫಿಲ್ಟರ್ ಆದರೆ ಇನ್ನೊಂದು ತಲೆನೋವು: ಕಬ್ಬಿನ ಗಾಡಿಗಳ ಕಾಲದಲ್ಲಿ ಮಂಡ್ಯದ ಹಳ್ಳಿ ರಸ್ತೆಯ ಧೂಳು ನೋಡಿ ಮತ್ತೆ ಮತ್ತೆ ತೊಳೆದು ಎಣ್ಣೆ ಹಚ್ಚುತ್ತಾರೆ, ಹೆಚ್ಚಾದ ಎಣ್ಣೆ ಆ ತಂತಿಗೆ ಅಂಟಿ ಅಳತೆ ಕೆಡುತ್ತೆ. ನಿಜ ಹೇಳಬೇಕೆಂದರೆ ಕಂಪನಿಯ ಏರ್‌ಬಾಕ್ಸ್, ಹೊಸ ಪೇಪರ್ ಫಿಲ್ಟರ್, ಇಷ್ಟರಲ್ಲಿ ಬಹಳ ದೂರ ಹೋಗಬಹುದು. ಕೋನ್‌ನಿಂದ ಸಿಗುವುದು ಸದ್ದು, ಅದರ ಜೊತೆ ಎಂಜಿನ್ ಕೋಣೆಯ ಬಿಸಿ ಗಾಳಿ. ಹುಡುಗರಿಗೆ ಇಷ್ಟವಾಗುವ 'ಫುಸ್' ಅನ್ನುವ ಬ್ಲೋ ಆಫ್ ವಾಲ್ವ್ ಕೂಡ ಇದೇ ಕಾರಣಕ್ಕೆ ಈ ಗಾಡಿಗೆ ಒಗ್ಗಲ್ಲ. ಅಳೆದಾದ ಗಾಳಿಯನ್ನು ಹೊರಗೆ ಬಿಟ್ಟರೆ ಗೇರ್ ಬದಲಿಸುವ ಹೊತ್ತಿನಲ್ಲಿ ಪೆಟ್ರೋಲ್ ಅತಿಯಾಗುತ್ತೆ. ಮರಳಿ ಇನ್‌ಟೇಕ್‌ಗೆ ಬಿಡುವ ಕಂಪನಿಯ ವಾಲ್ವೇ ಇರಲಿ.

ಬೂಸ್ಟ್ ವಿಷಯ. ಕಂಪನಿಯಿಂದ ಬಂದಾಗಲೇ ಈ ಎಂಜಿನ್ ಸುಮಾರು 20 ಪಿಎಸ್‌ಐ ಮುಟ್ಟುತ್ತೆ. "ಕಂಪನಿಯವರು ಮಾರ್ಜಿನ್ ಬಿಟ್ಟಿರ್ತಾರೆ ಸಾರ್, ಏನೂ ಆಗಲ್ಲ" ಅಂತ ಸ್ಕ್ರೂ ತಿರುಗಿಸುವವರು ಒಂದು ಮಾತು ಮರೆಯುತ್ತಾರೆ: ಸೈಲೆನ್ಸರ್ ಕಡೆ ದಾರಿ ಸಲೀಸಾದ ಮೇಲೆ ಹೆಚ್ಚಾದ ಹೊಗೆಯನ್ನು ಟರ್ಬೊಗೆ ಹೋಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್‌ನ ಸಣ್ಣ ಬಾಗಿಲು ಸಾಲದೆ ಆರ್‌ಪಿಎಂ ಏರಿದಂತೆ ಬೂಸ್ಟ್ ತಾನಾಗಿ ಮೇಲೆ ತೆವಳಬಹುದು. ಮಧ್ಯಾಹ್ನದ ಬಿಸಿಲಲ್ಲಿ ಸರಿಯಿದ್ದ ಗಾಡಿ ಡಿಸೆಂಬರ್ ರಾತ್ರಿಯಲ್ಲಿ ಮಿತಿ ದಾಟುವುದು ಹೀಗೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಇಲ್ಲಿ ಸ್ಕ್ರೂ ಹೊಂದಿಸಿಕೊಂಡು ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋದರೆ ಗೇಜ್‌ನಲ್ಲಿ ಅದೇ ಅಂಕಿ, ಸಿಲಿಂಡರಿಗೆ ಹೋಗುವ ಗಾಳಿ ಮಾತ್ರ ಜಾಸ್ತಿ. ಟಾರ್ಕ್ ಬಹಳ ಏರಿಸಿದರೆ ಈ ಗಾಡಿಯ 4ಬಿ11 ಎಂಜಿನಿನ ಕಂಪನಿ ಕನೆಕ್ಟಿಂಗ್ ರಾಡ್‌ಗಳೂ ಬಾಗುತ್ತವೆ, ಅದಕ್ಕೆ ನಾಕಿಂಗೂ ಬೇಕಿಲ್ಲ.

ಹಾಗಾದರೆ ದುಡ್ಡು ಕೊಡುವ ಮುಂಚೆ ಏನು ಕೇಳಬೇಕು? ಲಾಗ್. ಡೈನೋ (ಗಾಡಿ ನಿಂತಲ್ಲೇ ಚಕ್ರ ತಿರುಗಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ, ನೀವು ದಿನಾ ತುಂಬಿಸುವ ಪೆಟ್ರೋಲಿನಲ್ಲೇ, ಒಂದೇ ಗೇರಿನಲ್ಲಿ ಕೆಳಗಿನಿಂದ ರೆಡ್‌ಲೈನ್ ತನಕ ಎಳೆದ ಲಾಗ್, ಅಂದರೆ ಇಸಿಯು ಅಂಕಿಗಳ ದಾಖಲೆ. ರಿಂಗ್ ರೋಡಿನಲ್ಲಿ ರಾತ್ರಿ ಎಳೆದು ತೋರಿಸ್ತೀವಿ ಅಂದರೆ ಬೇಡ ಅನ್ನಿ. ಎಕ್ಸ್‌ಪ್ರೆಸ್‌ವೇನಲ್ಲಂತೂ 100ರ ಮಿತಿ, ಮೇಲೆ ಕ್ಯಾಮೆರಾ. ಇಸಿಯುಗೆ ಜೋಡಿಸುವ ಟ್ಯಾಕ್ಟ್ರಿಕ್ಸ್ ಕೇಬಲ್, ಎವೋಸ್ಕ್ಯಾನ್ ಸಾಫ್ಟ್‌ವೇರ್ ಇದ್ದರೆ ನೀವೇ ಓದಿಕೊಳ್ಳಬಹುದು. ಮೊದಲು ನೋಡಬೇಕಾದ್ದು ನಾಕ್ ಸಮ್ (ಇಸಿಯು ಲೆಕ್ಕ ಹಾಕಿದ ನಾಕಿಂಗ್ ಪ್ರಮಾಣ): 0, 1, 2 ಅಲ್ಲೊಂದು ಇಲ್ಲೊಂದು ಬಂದರೆ ಗಾಬರಿ ಬೇಡ, 3 ದಾಟಿದರೆ ಇಸಿಯು ಟೈಮಿಂಗ್ ಹಿಂದಕ್ಕೆ ಎಳೆಯುತ್ತಿದೆ ಅಂತ ಅರ್ಥ, ಪದೇ ಪದೇ ಅದೇ ಆರ್‌ಪಿಎಂನಲ್ಲಿ ಬಂದರೆ ಮ್ಯಾಪ್ ತಪ್ಪು. ಇಂಜೆಕ್ಟರ್ ಡ್ಯೂಟಿ (ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು) ಶೇ. 85 ಮೀರಬಾರದು, ಇ20ಗೆ ಜಾಸ್ತಿ ಸುರಿಯಬೇಕಾದ್ದರಿಂದ ಹಳೇ ಇಂಜೆಕ್ಟರ್ ಬೇಗ ಆ ಮಿತಿಗೆ ಬರುತ್ತೆ. ಪೆಟ್ರೋಲ್ ಪ್ರೆಶರ್ ಬೂಸ್ಟ್ ಜೊತೆ ಅಷ್ಟಕ್ಕಷ್ಟೇ ಏರಬೇಕು: ಬೂಸ್ಟ್ 1.5 ಬಾರ್ ಆದರೆ ಪೆಟ್ರೋಲ್ ಪ್ರೆಶರ್ ಮೂಲಕ್ಕಿಂತ 1.5 ಬಾರ್ ಮೇಲೆ. ಮಧ್ಯದಲ್ಲಿ ಕುಸಿದರೆ ಪಂಪ್ ಸಾಲುತ್ತಿಲ್ಲ. ದೊಡ್ಡ ಪಂಪ್ ಹಾಕಿಸುವುದಾದರೆ ಬಿಲ್ ಸಮೇತ ನಂಬಿಕಸ್ತರ ಹತ್ತಿರ ತಗೊಳ್ಳಿ, ಗಂಟೆಗೆ 255 ಲೀಟರ್ ಹರಿಸುವ ಹೆಸರಾಂತ ಪಂಪಿನ ನಕಲಿಗಳು ಎಲ್ಲೆಲ್ಲೂ ಇವೆ.

ಲಾಗ್‌ಗೂ ಮೊದಲು ಒಂದು ಲೀಕ್ ಟೆಸ್ಟ್ ಆಗಿರಬೇಕು. ಟರ್ಬೊ ಬಾಯಿಗೆ ಮುಚ್ಚಳ ಹಾಕಿ 15–20 ಪಿಎಸ್‌ಐ ಗಾಳಿ ತುಂಬಿ, ಇಂಟರ್‌ಕೂಲರ್ ಹೋಸ್‌ಗಳ ಕೂಡುವ ಜಾಗಕ್ಕೆಲ್ಲ ಸೋಪು ನೀರು ಹಚ್ಚಿ ಗುಳ್ಳೆ ನೋಡಿದರಾಯಿತು. ಲೀಕ್ ಇಟ್ಟುಕೊಂಡು ಮಾಡಿದ ಮ್ಯಾಪ್, ಲೀಕ್ ಸರಿಮಾಡಿದ ದಿನವೇ ಸುಳ್ಳಾಗುತ್ತೆ. ಟರ್ಬೊ ಬಿಚ್ಚಿ ಕೂರಿಸಿದ್ದರೆ ಆಯಿಲ್ ಫ್ಲ್ಯಾಂಜ್‌ಗೆ ಗ್ಯಾಸ್ಕೆಟ್ ಪೇಸ್ಟ್ ಮೆತ್ತಿದ್ದಾರಾ ನೋಡಿ. ಒಳಗೆ ಉಬ್ಬಿದ ಪೇಸ್ಟ್ ಕಿತ್ತುಬಂದು ಆಯಿಲ್ ದಾರಿ ಕಟ್ಟಿದರೆ ಹೊಸ ಟರ್ಬೊನೂ ಉಳಿಯಲ್ಲ. ಅಲ್ಲಿ ಸೇರಬೇಕಾದ್ದು ಲೋಹದ ಗ್ಯಾಸ್ಕೆಟ್. ಮೊದಲ ಸ್ಟಾರ್ಟ್‌ಗೆ ಮುಂಚೆ ಇಂಜೆಕ್ಟರ್ ಕನೆಕ್ಟರ್ ತೆಗೆದು, ಆಯಿಲ್ ಪ್ರೆಶರ್ ಬರುವ ತನಕ ಬರೀ ಸೆಲ್ಫ್ ಹೊಡೆಯಬೇಕು.

ಈಗಾಗಲೇ ಮ್ಯಾಪ್ ಮಾಡಿಸಿದ ಗಾಡಿ ನಿಮ್ಮ ಹತ್ತಿರ ಇದ್ದರೆ, ಅಥವಾ ಅಂಥದ್ದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟಿದ್ದರೆ, ನಾಲ್ಕೂ ಪ್ಲಗ್ ಬಿಚ್ಚಿಸಿ ಭೂತಗನ್ನಡಿಯಲ್ಲಿ ನೋಡಿ. ಎಂಜಿನ್ ಬಿಸಿಯಿರುವಾಗ, ಪೆಟ್ರೋಲ್ ಮತ್ತು ಇಗ್ನಿಷನ್ ಕಡಿತಗೊಳಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಶನ್ ಅಳೆಸಿ. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಇದ್ದರೆ ಲೀಕ್‌ಡೌನ್ ಟೆಸ್ಟ್‌ಗೆ (ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿಂದ ಸೋರುತ್ತೆ ಅಂತ ನೋಡುವುದು) ಹೋಗಿ. ಗಾಳಿ ಆಯಿಲ್ ಕ್ಯಾಪ್‌ನಲ್ಲಿ ಬುಸುಗುಟ್ಟಿದರೆ ರಿಂಗ್ ಅಥವಾ ಪಿಸ್ಟನ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆಯಾದರೆ ಹೆಡ್ ಗ್ಯಾಸ್ಕೆಟ್. ಇಂಡಿಯಾದಲ್ಲಿ ಮಾರಿದ ಎವೋ ಟೆನ್‌ಗಳ ಎಸ್‌ಎಸ್‌ಟಿ (ಎರಡು ಕ್ಲಚ್‌ನ) ಗೇರ್‌ಬಾಕ್ಸ್‌ಗೆ ಎಸ್‌ಎಸ್‌ಟಿಎಫ್-1 ಆಯಿಲ್ ಬಿಟ್ಟು ಸಿಕ್ಕಿದ ಆಟೋಮ್ಯಾಟಿಕ್ ಆಯಿಲ್ ಹಾಕಿದ್ದರೆ, ಗಾಡಿ ಎಷ್ಟೇ ಚಂದ ಓಡಲಿ, ಬಿಟ್ಟು ಬನ್ನಿ.

ಕಾಗದಪತ್ರದ ಕಡೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶವಿಲ್ಲ, 182ಎ ಅಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಇದೆ. ಕ್ಯಾಟ್ ತೆಗೆದ ಗಾಡಿ ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೆ. ಇನ್ಶೂರೆನ್ಸ್‌ಗೆ ತಿಳಿಸದೆ ಮಾಡಿಸಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೇ ಸಾಕು. ಮಾಡಿಸುವ ಮುಂಚೆ ಕಂಪನಿಯ ಮೂಲ ಮ್ಯಾಪ್ ಫೈಲನ್ನು ಪೆನ್‌ಡ್ರೈವ್‌ಗೆ ತೆಗೆಸಿಟ್ಟುಕೊಳ್ಳಿ, ಬಿಚ್ಚಿದ ಕ್ಯಾಟ್, ಏರ್‌ಬಾಕ್ಸ್, ಪೈಪು ಎಲ್ಲವನ್ನೂ ಮನೆಗೆ ತನ್ನಿ. ಬಿಲ್ ಮೇಲೆ ಯಾವ ಪೆಟ್ರೋಲಿಗೆ, ಎಷ್ಟು ಪಿಎಸ್‌ಐಗೆ ಮ್ಯಾಪ್ ಮಾಡಿದ್ದು ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ.